ಬೀರುವಿನೊಳಗಿನ ವರದಿ

(ಯೇಸುವಿನ ಪವಿತ್ರ ಹೃದಯದ ಹಬ್ಬದಂದು ನೀಡಿದ ಪ್ರಬೋಧನೆ)



ಯೇಸುವಿನ ಪವಿತ್ರ ಹೃದಯದ ಪಟವಿಲ್ಲದ ಕಥೋಲಿಕ ಮನೆ ನಮ್ಮಲ್ಲಿ ಅಪರೂಪ. ಹೊಸಿಲು ದಾಟಿ ಒಳಗೆ ಬಂದರೆ ಎದುರು ಗೋಡೆಯಲ್ಲೇ ಆ ಪಟ, ಅದರ ಕೆಳಗೆ ಪುಟ್ಟದೊಂದು ಕೆಂಪು ದೀಪ. ಫ್ರಾನ್ಸಿನ ಪಾರೆ-ಲೆ-ಮೋನಿಯಲ್ ಎಂಬ ಊರಿನ ಕನ್ಯಾಮಠದಲ್ಲಿ ಸಂತ ಮಾರ್ಗರೇಟ್ ಮೇರಿಯವರಿಗೆ 1673ರಿಂದ 1675ರವರೆಗೆ ಆದ ದರ್ಶನಗಳಿಂದ ಈ ಭಕ್ತಿ ಹರಡಿತು. 1856ರಲ್ಲಿ ಜಗದ್ಗುರು ಒಂಬತ್ತನೆಯ ಪಯಸ್ ಅವರು ಈ ಹಬ್ಬವನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದರು. ಇದೆಲ್ಲ ನಾವು ಪ್ರತಿವರ್ಷ ಕೇಳುವ ಮಾತೇ. ಆದರೆ ಆ ಪಟದಲ್ಲಿ ಒಂದು ಸಂಗತಿಯನ್ನು ನಾವು ದಿನಾ ನೋಡಿ ನೋಡಿ ಗಮನಿಸುವುದನ್ನೇ ಬಿಟ್ಟಿದ್ದೇವೆ. ಅಲ್ಲಿ ಹೃದಯ ಎದೆಯೊಳಗೆ ಅಡಗಿಲ್ಲ, ಹೊರಗಿದೆ. ಮುಳ್ಳಿನ ಕಿರೀಟ, ಈಟಿಯ ಗಾಯ ಎಲ್ಲವೂ ಮನೆಗೆ ಬಂದುಹೋಗುವವರಿಗೆಲ್ಲ ಕಾಣುವಂತಿದೆ.

ಅದೇ ಮನೆಯ ಒಳಕೋಣೆಯ ಬೀರುವಿನಲ್ಲಿ, ಮಡಚಿಟ್ಟ ಬಟ್ಟೆಗಳ ಅಡಿಯಲ್ಲಿ, ಇನ್ನೊಂದು ಹೃದಯದ ವರದಿ ಇರುತ್ತದೆ. ಅದು ಯಾರ ಕಣ್ಣಿಗೂ ಬೀಳಬಾರದೆಂದೇ ಅಲ್ಲಿಟ್ಟದ್ದು. ಮನೆಗಳನ್ನು ಆಶೀರ್ವದಿಸಲು ಹೋದಾಗ, ಕಾಫಿ ಕುಡಿದು ಎದ್ದು ಹೊರಡುವ ಹೊತ್ತಿಗೆ, ಮನೆಯ ಯಜಮಾನರು ಗೇಟಿನವರೆಗೆ ಬಂದು ತಗ್ಗಿದ ದನಿಯಲ್ಲಿ ಹೇಳುವ ಮಾತನ್ನು ಈಚಿನ ವರ್ಷಗಳಲ್ಲಿ ನಾವು ಮತ್ತೆ ಮತ್ತೆ ಕೇಳುತ್ತಿದ್ದೇವೆ: “ಫಾದರ್, ಸ್ಕ್ಯಾನ್ ಮಾಡಿಸಿದೆ. ಕ್ಯಾಲ್ಸಿಯಂ ಸ್ಕೋರ್ ಜಾಸ್ತಿ ಬಂದಿದೆ. ಮನೆಯಲ್ಲಿ ಹೇಳಿಲ್ಲ.”

ಬಲಿಪೂಜೆಯ ನಡುವೆ ಸ್ಕ್ಯಾನಿನ ಮಾತೇ ಎಂದು ಹಿರಿಯರು ಹುಬ್ಬೇರಿಸಬಹುದು. ಶುಭಸಂದೇಶ ಬರೆದ ನಾಲ್ವರಲ್ಲಿ ಒಬ್ಬರನ್ನು ವೈದ್ಯರೆಂದೇ ಸಂತ ಪೌಲರು ಪ್ರೀತಿಯಿಂದ ನೆನೆದಿದ್ದಾರೆ. ಹೃದಯದ ಹಬ್ಬದ ದಿನ ಹೃದಯದ ಸಂಕಟವನ್ನು ಬಿಟ್ಟು ಬೇರೇನನ್ನು ಮಾತನಾಡುವುದು? ವೈದ್ಯರ ಕೆಲಸವನ್ನು ನಾವು ಮಾಡಲು ಹೊರಟಿಲ್ಲ. ನಮ್ಮ ಧರ್ಮಕೇಂದ್ರದಲ್ಲೇ ಇರುವ ವೈದ್ಯರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಹಂಚಿಕೊಳ್ಳುತ್ತೇವೆ, ಅಷ್ಟೇ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡ ಮೇಲೆ ನಮ್ಮ ರಾಜ್ಯದ ಆಸ್ಪತ್ರೆಗಳಲ್ಲಿ ಹೃದಯ ತಪಾಸಣೆಗೆ ಬಂದವರ ನೂಕುನುಗ್ಗಲು ನಮಗೆಲ್ಲ ನೆನಪಿದೆ. 2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಹಠಾತ್ ಸಾವುಗಳ ಸುದ್ದಿ ಒಂದರ ಹಿಂದೊಂದು ಬಂದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಮತ್ತೆ ಅದೇ ಸಾಲು. ನಲವತ್ತು ದಾಟಿದವರಿಗೆ ಮಕ್ಕಳೇ ಒತ್ತಾಯ ಮಾಡಿ ‘ಪ್ಯಾಕೇಜ್’ ಮಾಡಿಸುತ್ತಾರೆ. ಆ ಪ್ಯಾಕೇಜಿನಲ್ಲಿ ಈಗ ಸಿ.ಟಿ. ಕ್ಯಾಲ್ಸಿಯಂ ಸ್ಕೋರ್ ಕೂಡ ಸೇರಿರುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಆರೋಗ್ಯವಂತರಾಗಿ ಒಳಗೆ ಹೋದವರು ಸಂಜೆ ‘ಹಾರ್ಟ್ ಪೇಷಂಟ್’ ಆಗಿ ಹೊರಗೆ ಬರುತ್ತಾರೆ. ಬೆಳಗಿನಿಂದ ಸಂಜೆಯೊಳಗೆ ಅವರ ದೇಹದಲ್ಲಿ ಏನು ಬದಲಾಯಿತು? ಏನೂ ಇಲ್ಲ. ಬದಲಾದದ್ದು ಅವರಿಗೆ ಗೊತ್ತಿರುವ ವಿಷಯ ಮಾತ್ರ.

ಈ ಪರೀಕ್ಷೆ ಏನೆಂದು ಸ್ವಲ್ಪ ಬಿಡಿಸಿ ನೋಡೋಣ. ಭಯದಲ್ಲಿ ಅರ್ಧ ಭಾಗ ತಿಳಿಯದಿರುವುದರಿಂದಲೇ ಬರುತ್ತದೆ.

ಹೃದಯ ದಿನವಿಡೀ ಇಡೀ ದೇಹಕ್ಕೆ ರಕ್ತ ತಳ್ಳುವ ಅಂಗ. ಅದಕ್ಕೂ ಊಟ ಬೇಕಲ್ಲವೇ? ಅದರ ಮೈಮೇಲೆಯೇ ಹಬ್ಬಿರುವ ಸಣ್ಣ ರಕ್ತನಾಳಗಳು ಅದಕ್ಕೆ ರಕ್ತ ಉಣಿಸುತ್ತವೆ. ಈ ನಾಳಗಳ ಗೋಡೆಯೊಳಗೆ ವರ್ಷಗಟ್ಟಲೆ ಕೆಟ್ಟ ಕೊಬ್ಬು ಸೇರಿಕೊಳ್ಳುತ್ತದೆ. ದೇಹ ಅದರೊಂದಿಗೆ ಹೋರಾಡುತ್ತದೆ, ಉರಿಯೂತವಾಗುತ್ತದೆ, ಗಾಯ ಮಾಯಲು ನೋಡುತ್ತದೆ. ಹಾಗೆ ಮಾಯುವ ಜಾಗದಲ್ಲಿ ಸುಣ್ಣದ ಅಂಶ ಕೂರುತ್ತದೆ. ಸ್ಕ್ಯಾನಿನಲ್ಲಿ ಮೂಳೆಯ ಹಾಗೆ ಬೆಳ್ಳಗೆ ಕಾಣುವುದು ಅದೇ. ಸೂಜಿ ಚುಚ್ಚುವುದಿಲ್ಲ, ಬಣ್ಣದ ಔಷಧಿ ಹಾಕುವುದಿಲ್ಲ. ಎದೆಗೆ ಇ.ಸಿ.ಜಿ. ತಂತಿ ಅಂಟಿಸಿ, ಕೆಲವು ಸೆಕೆಂಡು ಉಸಿರು ಹಿಡಿಯಲು ಹೇಳಿ ಚಿತ್ರ ತೆಗೆಯುತ್ತಾರೆ. ತಗಲುವ ವಿಕಿರಣ ಸುಮಾರು 1 ಮಿಲಿಸೀವರ್ಟ್. ಮಣ್ಣು, ಗಾಳಿ, ಆಕಾಶದಿಂದ ಕೆಲವು ತಿಂಗಳುಗಳಲ್ಲಿ ನಮಗೆ ತಾನಾಗಿಯೇ ಬರುವಷ್ಟು. ಬಿಳಿ ಕಲೆಗಳ ವಿಸ್ತಾರವನ್ನು ಅಳೆದು, ಎಷ್ಟು ದಟ್ಟವಾಗಿದೆ ಎಂಬುದಕ್ಕೆ 1ರಿಂದ 4ರವರೆಗೆ ಅಂಕ ಕೊಟ್ಟು, ಗುಣಿಸಿ, ಎಲ್ಲವನ್ನೂ ಕೂಡಿಸಿದರೆ ಸ್ಕೋರ್ ಸಿಗುತ್ತದೆ. ಅಮೆರಿಕದ ಹೃದಯತಜ್ಞ ಆರ್ಥರ್ ಅಗಾಟ್‌ಸ್ಟನ್ ಮತ್ತು ಅವರ ಸಂಗಡಿಗರು 1990ರಲ್ಲಿ ಈ ಲೆಕ್ಕವನ್ನು ಪ್ರಕಟಿಸಿದರು. ಆದ್ದರಿಂದಲೇ ವರದಿಯಲ್ಲಿ ಅವರ ಹೆಸರು.

ಈಗ ಒಂದು ಉದಾಹರಣೆಗಾಗಿ 412 ಎಂದು ಬಂದಿದೆ ಎಂದುಕೊಳ್ಳೋಣ. ಮನೆಯಲ್ಲಿ ಯಾರೂ ಇಲ್ಲದಾಗ ಕನ್ನಡಕ ಹಾಕಿಕೊಂಡು ನೋಡಿದರೆ 412. ಎಷ್ಟಕ್ಕೆ 412? ನೂರಕ್ಕೇ? ಸಾವಿರಕ್ಕೇ? ನಮಗೆ ಶಾಲೆಯ ಅಂಕಪಟ್ಟಿ ಓದಿ ಅಭ್ಯಾಸ. ಇಲ್ಲಿ ಗರಿಷ್ಠ ಅಂಕವೆಂಬುದಿಲ್ಲ. ಸೊನ್ನೆ ಬಂದರೆ ಒಳ್ಳೆಯದು, 1ರಿಂದ 99 ಅಲ್ಪ, 100ರಿಂದ 399 ಮಧ್ಯಮ, 400 ದಾಟಿದರೆ ಹೆಚ್ಚು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ವಯಸ್ಸನ್ನೂ ನೋಡಬೇಕು. ಎಪ್ಪತ್ತೈದರ ಅಜ್ಜನಿಗೆ 100 ಬಂದರೆ ವೈದ್ಯರು ಅಷ್ಟಾಗಿ ಬೆಚ್ಚುವುದಿಲ್ಲ, ನಲವತ್ತೈದರ ಮಗನಿಗೆ 100 ಬಂದರೆ ಕುರ್ಚಿ ಮುಂದಕ್ಕೆ ಎಳೆದುಕೊಂಡು ಮಾತನಾಡುತ್ತಾರೆ.

ಆದರೆ 412 ಎಂದರೆ ನಾಳ ಇಷ್ಟು ಶೇಕಡ ಮುಚ್ಚಿಹೋಗಿದೆ ಎಂದಲ್ಲ. ಇದನ್ನು ನಾವು ಒತ್ತಿ ಹೇಳಬೇಕು, ಏಕೆಂದರೆ ಹೆಚ್ಚಿನ ಕಣ್ಣೀರು ಈ ಒಂದು ತಪ್ಪು ತಿಳುವಳಿಕೆಯಿಂದ ಹರಿಯುತ್ತದೆ. ಗೋಡೆಯೊಳಗೆ ಎಷ್ಟು ಸುಣ್ಣ ಕೂತಿದೆ ಎಂಬುದನ್ನು ಅದು ಹೇಳುತ್ತದೆ, ನಡುವಿನ ದಾರಿ ಎಷ್ಟು ಕಿರಿದಾಗಿದೆ ಎಂಬುದನ್ನು ಹೇಳುವುದಿಲ್ಲ. ಗೋಡೆ ದಪ್ಪವಾಗಿದ್ದೂ ದಾರಿ ಸರಾಗವಾಗಿರಬಹುದು. ಹಾಗೆಂದು ಅದನ್ನು ಹಗುರವಾಗಿ ತೆಗೆದುಕೊಳ್ಳುವಂತೆಯೂ ಇಲ್ಲ. ಸುಣ್ಣ ಹೆಚ್ಚು ಇರುವಲ್ಲಿ ಕೊಬ್ಬಿನ ಮೆತ್ತನೆಯ ಗಂಟುಗಳೂ ಹೆಚ್ಚು ಇರುತ್ತವೆ. ಹೃದಯಾಘಾತ ಬರುವುದು ಹೆಚ್ಚಾಗಿ ಅಂಥ ಮೆತ್ತನೆಯ ಗಂಟು ಒಡೆದು ರಕ್ತ ಹೆಪ್ಪುಗಟ್ಟಿದಾಗ. ಅಮೆರಿಕದಲ್ಲಿ 2000ದಲ್ಲಿ ಆರಂಭವಾದ ‘ಮೆಸಾ’ ಎಂಬ ಅಧ್ಯಯನ 6,814 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿ, ಸ್ಕೋರ್ ಏರಿದಂತೆ ಅಪಾಯವೂ ಏರುತ್ತದೆ ಎಂದು ತೋರಿಸಿತು. ಅದರಲ್ಲಿ ನಮ್ಮವರು ಇರಲಿಲ್ಲ. ಭಾರತ ಉಪಖಂಡದಿಂದ ಅಲ್ಲಿಗೆ ಹೋಗಿ ನೆಲೆಸಿದವರಿಗಾಗಿಯೇ 2010ರಲ್ಲಿ ‘ಮಸಾಲಾ’ ಎಂಬ ಅಧ್ಯಯನ ಆರಂಭವಾಯಿತು (ಹೆಸರಿಟ್ಟವರು ನಮ್ಮ ಅಡುಗೆಮನೆಯನ್ನು ಬಲ್ಲವರೇ ಇರಬೇಕು). ನಮ್ಮ ಗಂಡಸರ ನಾಳಗಳಲ್ಲಿ ಬಿಳಿಯರಷ್ಟೇ ಸುಣ್ಣವಿದೆ, ಅಲ್ಲಿನ ಚೀನೀ, ಕಪ್ಪು ಜನಾಂಗದವರಿಗಿಂತ ಹೆಚ್ಚಿದೆ ಎಂದು ಅದು ಕಂಡುಕೊಂಡಿತು. ಆದ್ದರಿಂದ ಈ ಸಂಖ್ಯೆ ಎಚ್ಚರಿಕೆಯೇ ಹೌದು. ಆದರೆ ಅದು ಎಣಿಸುವುದು ಕಳೆದುಹೋದ ವರ್ಷಗಳನ್ನು. ಮುಂದಿನ ವರ್ಷಗಳನ್ನು ಯಾವ ಯಂತ್ರವೂ ಎಣಿಸಿಲ್ಲ.

ಇಷ್ಟು ತಿಳಿದ ಮೇಲೂ ರಾತ್ರಿ ನಿದ್ದೆ ಬರುವುದಿಲ್ಲ, ಅದು ನಮಗೆ ಗೊತ್ತು. ಪಕ್ಕದಲ್ಲಿ ಹೆಂಡತಿ ನಿದ್ರಿಸುತ್ತಿರುವಾಗ ಇವರು ಕತ್ತಲಲ್ಲಿ ಕೈ ಎದೆಯ ಮೇಲಿಟ್ಟು ಬಡಿತ ಎಣಿಸುತ್ತಾರೆ. ಹನ್ನೆರಡು ಗಂಟೆಗೆ ಮೊಬೈಲ್ ಹಿಡಿದು ಹುಡುಕುತ್ತಾರೆ, ಒಂದು ಗಂಟೆಗೆ ಇನ್ನಷ್ಟು ಬೆವರುತ್ತಾರೆ. ಮರುದಿನ ವಾಕಿಂಗ್ ನಿಲ್ಲುತ್ತದೆ. ಗಾಯಕವೃಂದದ ಮಹಡಿಗೆ ಮೂವತ್ತು ವರ್ಷ ಹತ್ತಿ ಹಾಡಿದವರು ‘ಮಂಡಿ ನೋವು’ ಎಂದು ಕೆಳಗಿನ ಬೆಂಚಿನಲ್ಲೇ ಕೂರುತ್ತಾರೆ. ಮಗಳ ಮದುವೆಯ ಮಾತುಕತೆಯನ್ನು ಕಾರಣ ಹೇಳದೆ ಅವಸರಪಡಿಸುತ್ತಾರೆ. ಮನೆಯವರಿಗೆ ಅರ್ಥವಾಗುವುದು ಒಂದೇ: ‘ಅಪ್ಪ ಈಚೆಗೆ ಸಿಡುಕುತ್ತಾರೆ.’

ಈ ಮೌನವನ್ನು ಕೆಲವರು ತ್ಯಾಗವೆಂದು ಭಾವಿಸುತ್ತಾರೆ. ಹೆಂಡತಿ ಮಕ್ಕಳಿಗೆ ನೋವಾಗಬಾರದು, ನನ್ನ ಶಿಲುಬೆಯನ್ನು ನಾನೇ ಹೊರುತ್ತೇನೆ ಎನ್ನುತ್ತಾರೆ. ಪ್ರಭು ಯೇಸುವೇ ಗೆತ್ಸೆಮನಿ ತೋಪಿನಲ್ಲಿ ತಮ್ಮ ಕಳವಳವನ್ನು ಮೂವರು ಶಿಷ್ಯರ ಮುಂದೆ ಬಾಯಿಬಿಟ್ಟು ಹೇಳಿದರು, ತಮ್ಮೊಂದಿಗೆ ಎಚ್ಚರವಾಗಿರಲು ಕೇಳಿಕೊಂಡರು. ಆ ಮೂವರು ನಿದ್ದೆಹೋದರು ಎಂಬುದು ಬೇರೆ ಮಾತು. ಕೇಳಿಕೊಳ್ಳುವುದನ್ನು ಪ್ರಭು ಅವಮಾನವೆಂದು ಎಣಿಸಲಿಲ್ಲ. ಶಿಲುಬೆಯ ದಾರಿಯಲ್ಲಿ ಸಿರೇನಿನ ಸಿಮೋನನ ಹೆಗಲನ್ನು ಬೇಡವೆನ್ನಲೂ ಇಲ್ಲ. ಅವರಿಗೇ ಬೇಕಾದ ಹೆಗಲು ನಮಗೆ ಬೇಡವೇ? ಇದಲ್ಲದೆ ಒಂದು ವ್ಯವಹಾರದ ಮಾತೂ ಇದೆ. ಮನೆಯವರಿಗೆ ಗೊತ್ತಿಲ್ಲದಿದ್ದರೆ ರಾತ್ರಿ ಎರಡು ಗಂಟೆಗೆ ಎದೆ ಹಿಡಿದುಕೊಂಡಾಗ ಅವರು ಓಮದ ನೀರು ಕೊಟ್ಟು ಬೆನ್ನು ನೀವುತ್ತಾ ಕೂರುತ್ತಾರೆ. ಗೊತ್ತಿದ್ದರೆ 108ಕ್ಕೆ ಫೋನ್ ಮಾಡುತ್ತಾರೆ.

ಇನ್ನೊಂದು ಭಾರ ಪಾಪಪ್ರಜ್ಞೆಯದು. ‘ನಾನು ಏನು ಮಾಡಿದೆನೆಂದು ದೇವರು ಹೀಗೆ ಮಾಡಿದರು?’ ಹುಟ್ಟುಕುರುಡನನ್ನು ಕಂಡು ಶಿಷ್ಯರು ಕೇಳಿದ್ದೂ ಇದೇ ಪ್ರಶ್ನೆ: ತಪ್ಪು ಯಾರದು, ಅವನದೋ ಅವನ ಹೆತ್ತವರದೋ? ಎರಡೂ ಅಲ್ಲವೆಂದು ಯೇಸು ಹೇಳಿದರು. ಹಿರಿಯರು ಆಗಾಗ ಮರೆಯುವ ಉತ್ತರ ಅದು. ಸಿಗರೇಟು, ಕುಡಿತ, ಮೈಗಳ್ಳತನದಲ್ಲಿ ನಮ್ಮ ಪಾಲು ಇರಬಹುದು, ಅದನ್ನು ಇಂದೇ ತಿದ್ದಿಕೊಳ್ಳೋಣ. ಆದರೆ ಸೇದದ, ಕುಡಿಯದ, ತೋಟದಲ್ಲಿ ದುಡಿದು ತೆಳ್ಳಗಿರುವ ಮನುಷ್ಯನಿಗೂ ಸ್ಕೋರ್ ಏರುತ್ತದೆ. ತಂದೆಯಿಂದ, ತಾತನಿಂದ ಬಂದ ರಕ್ತದ ಗುಣ ಅದು. 2013ರಲ್ಲಿ ವಿಜ್ಞಾನಿಗಳು ಈಜಿಪ್ಟ್, ಪೆರು, ಉತ್ತರ ಅಮೆರಿಕದ ನೈಋತ್ಯ ಭಾಗ, ಅಲೂಷಿಯನ್ ದ್ವೀಪಗಳು ಇಲ್ಲಿಯ 137 ಪುರಾತನ ಮಮ್ಮಿಗಳನ್ನು ಸ್ಕ್ಯಾನ್ ಮಾಡಿದ ವಿವರ ಪ್ರಕಟಿಸಿದರು. ಅವುಗಳಲ್ಲಿ 47ರ ರಕ್ತನಾಳಗಳು ಗಡುಸಾದ ಗುರುತು ಕಂಡಿತು. ಅವರಾರೂ ಬೇಕರಿಯ ಪಫ್ಸ್ ತಿಂದವರಲ್ಲ, ಕಂಪ್ಯೂಟರ್ ಮುಂದೆ ಕೂತವರಲ್ಲ. ಇನ್ನೊಂದು ಕಡೆ ಬೊಲಿವಿಯಾದ ಕಾಡಿನ ಚಿಮಾನೆ ಎಂಬ ಬುಡಕಟ್ಟಿನ 705 ಮಂದಿಯನ್ನು ಪರೀಕ್ಷಿಸಿದ ವರದಿ 2017ರಲ್ಲಿ ಬಂತು. ನೂರಕ್ಕೆ 85 ಮಂದಿಗೆ ಸ್ಕೋರ್ ಸೊನ್ನೆ. ಅವರು ಬೇಟೆ, ಮೀನು, ಬೇಸಾಯ ಎಂದು ದಿನದ ಹೆಚ್ಚು ಹೊತ್ತು ಕಾಲ ಮೇಲೆಯೇ ಇರುವವರು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಕು. ಈ ರೋಗ ನಮ್ಮ ಕಾಲದ್ದೂ ಅಲ್ಲ, ಶಿಕ್ಷೆಯೂ ಅಲ್ಲ. ಆದರೆ ನಮ್ಮ ನಡೆನುಡಿಗೆ ಅದು ಕಿವಿಗೊಡುತ್ತದೆ.

ಹೆದರಿದ ಮನಸ್ಸು ಎರಡು ದಿಕ್ಕಿಗೆ ಓಡುತ್ತದೆ. ವರದಿಯನ್ನು ಬೀರುವಿಗೆ ಸೇರಿಸುವುದು ಒಂದು. ನಾಳೆಯೇ ಆಂಜಿಯೋಗ್ರಾಂ, ನಾಡಿದ್ದೇ ಸ್ಟೆಂಟ್ ಎಂದು ಆಸ್ಪತ್ರೆಗೆ ಓಡುವುದು ಇನ್ನೊಂದು. ಒಬ್ಬರು ಒಂದು ಆಸ್ಪತ್ರೆಯ ಕೌಂಟರಿನಲ್ಲೇ, ವೈದ್ಯರ ಮುಖ ನೋಡುವ ಮೊದಲೇ, ‘ಅಡ್ಮಿಟ್ ಆಗಿಬಿಡಿ, ಇನ್ಶೂರೆನ್ಸ್ ಇದೆಯಲ್ಲ’ ಎಂಬ ಮಾತು ಕೇಳಿ ಬಂದರು. ಅಲ್ಲಿ ಒಂದು ಕ್ಷಣ ನಿಲ್ಲಬೇಕು. ಎದೆನೋವಿಲ್ಲ, ಏರುವಾಗ ಉಸಿರುಕಟ್ಟುವುದಿಲ್ಲ, ಸ್ಕೋರ್ ಮಾತ್ರ ಹೆಚ್ಚಿದೆ ಎಂದಾದರೆ, ಆ ಸಂಖ್ಯೆಯೊಂದನ್ನೇ ಹಿಡಿದು ಸ್ಟೆಂಟ್ ಹಾಕುವುದಿಲ್ಲ. 2007ರಲ್ಲಿ ಪ್ರಕಟವಾದ ‘ಕರೇಜ್’ ಎಂಬ ಅಧ್ಯಯನದಲ್ಲಿ 2,287 ಮಂದಿ ಇದ್ದರು. 2020ರಲ್ಲಿ ಪ್ರಕಟವಾದ ‘ಇಸ್ಕೀಮಿಯ’ ಅಧ್ಯಯನದಲ್ಲಿ ನಮ್ಮ ದೇಶದವರೂ ಸೇರಿ 5,179 ಮಂದಿ. ಇವರದ್ದು ಬರೀ ಸ್ಕೋರ್ ಅಲ್ಲ, ರಕ್ತನಾಳದ ರೋಗವೇ ಖಚಿತವಾಗಿತ್ತು, ಆದರೆ ಸ್ಥಿರವಾಗಿತ್ತು. ಒಳ್ಳೆಯ ಔಷಧೋಪಚಾರದ ಜೊತೆಗೆ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿದವರಿಗೂ, ಔಷಧಿಯಿಂದಲೇ ಆರಂಭಿಸಿದವರಿಗೂ ಸಾವಿನಲ್ಲಾಗಲಿ ಹೃದಯಾಘಾತದಲ್ಲಾಗಲಿ ಒಟ್ಟಾರೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಎದೆನೋವು ಇದ್ದವರಿಗೆ ನೋವು ಕಡಿಮೆಯಾಯಿತು, ಅದು ನಿಜ. ಹೃದಯಾಘಾತ ಆಗುತ್ತಿರುವಾಗ ಸ್ಟೆಂಟ್ ಪ್ರಾಣ ಉಳಿಸುತ್ತದೆ, ಅದೂ ನಿಜ. ಎಡಭಾಗದ ಮುಖ್ಯ ನಾಳ ಕಿರಿದಾದವರ, ಹೃದಯದ ಬಲ ಕುಗ್ಗಿದವರ ವಿಚಾರ ಬೇರೆಯೇ. ಯಾರು ಯಾವ ಗುಂಪು ಎಂದು ಹೇಳಬೇಕಾದವರು ಹೃದಯತಜ್ಞರು. ಅವರು ಟಿ.ಎಂ.ಟಿ. ಮಾಡಿಸಬಹುದು, ಎಕೋ ಮಾಡಿಸಬಹುದು, ಬೇಕಾದರೆ ಇನ್ನೂ ಮುಂದಕ್ಕೆ ಹೋಗಬಹುದು. ‘ಇದರಿಂದ ನನಗೆ ಏನು ಪ್ರಯೋಜನ, ಮಾಡಿಸದಿದ್ದರೆ ಏನಾಗುತ್ತದೆ?’ ಎಂದು ಕೇಳುವುದು ವೈದ್ಯರಿಗೆ ಅಗೌರವವಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಬಹುಪಾಲು ಮಂದಿಗೆ ಅದು ಕೇಳಲು ತೀರ ಸಪ್ಪೆ ಎನಿಸುವ ಕೆಲಸ: ರಾತ್ರಿ ಒಂದು ಮಾತ್ರೆ, ರಕ್ತದೊತ್ತಡ ಮತ್ತು ಸಕ್ಕರೆಯ ಹತೋಟಿ, ತಂಬಾಕಿಗೆ ವಿದಾಯ, ದಿನಾ ನಡಿಗೆ. ಸ್ಕೋರ್ 100 ದಾಟಿದವರಿಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆಯನ್ನು ವೈದ್ಯರು ಸಾಮಾನ್ಯವಾಗಿ ಬರೆಯುತ್ತಾರೆ. ಕೆಟ್ಟ ಕೊಲೆಸ್ಟ್ರಾಲನ್ನು 70ಕ್ಕಿಂತ ಕೆಳಗೆ ತರಲು ಹಲವರು ನೋಡುತ್ತಾರೆ. ಇದರ ಮೇಲೆ ನಮ್ಮಲ್ಲಿ ಎಷ್ಟು ಅಪವಾದ! ‘ಒಮ್ಮೆ ಶುರು ಮಾಡಿದರೆ ಬಿಡುವ ಹಾಗಿಲ್ಲ’ ಎಂದು ಹೆದರಿಸುವವರು ಕನ್ನಡಕವನ್ನು ನಲವತ್ತನೇ ವರ್ಷದಿಂದ ಮೂಗಿನ ಮೇಲಿಟ್ಟುಕೊಂಡೇ ಆ ಮಾತು ಹೇಳುತ್ತಾರೆ. ಮೈಕೈ ನೋವು ಬಂದರೆ ವೈದ್ಯರಿಗೆ ತಿಳಿಸಿದರೆ ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸುತ್ತಾರೆ. ದುಬಾರಿ ಎನ್ನುವವರು ಜನೌಷಧಿ ಕೇಂದ್ರದಲ್ಲಿ ವಿಚಾರಿಸಲಿ. ಆಸ್ಪಿರಿನ್ ಮಾತ್ರ ಪಕ್ಕದ ಮನೆಯವರ ಮಾತು ಕೇಳಿ ಶುರು ಮಾಡುವಂಥದ್ದಲ್ಲ. ಅದು ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಬಲ್ಲದು. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದು ವೈದ್ಯರ ತೀರ್ಮಾನ.

ಒಂದು ವಿಚಿತ್ರವನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಎರಡು ವರ್ಷ ನಿಷ್ಠೆಯಿಂದ ಮಾತ್ರೆ ನುಂಗಿ, ಬೆಳಗಿನ ಚಳಿಯಲ್ಲಿ ನಡೆದು, ಮತ್ತೆ ಸ್ಕ್ಯಾನ್ ಮಾಡಿಸಿದರೆ ಸ್ಕೋರ್ ಏರಿರಬಹುದು. ಮನುಷ್ಯ ಕುಸಿದುಹೋಗುತ್ತಾನೆ. ಸ್ಟಾಟಿನ್ ಮೆತ್ತನೆಯ ಗಂಟುಗಳನ್ನು ಗಟ್ಟಿ ಮಾಡುತ್ತದೆ. ಗಟ್ಟಿಯಾದದ್ದು ಸ್ಕ್ಯಾನಿನಲ್ಲಿ ಬೆಳ್ಳಗೆ ಕಾಣುತ್ತದೆ, ಆದರೆ ಒಡೆಯುವ ಅಪಾಯ ಕಡಿಮೆಯಾಗಿರುತ್ತದೆ. ಆದ್ದರಿಂದಲೇ ಮಾತ್ರೆ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಈ ಸ್ಕ್ಯಾನನ್ನು ಮತ್ತೆ ಮತ್ತೆ ಮಾಡಿಸುವುದಿಲ್ಲ. ಅದಕ್ಕೆ ರಕ್ತಪರೀಕ್ಷೆ ಇದೆ.

‘ಕ್ಯಾಲ್ಸಿಯಂ’ ಎಂಬ ಪದ ಕೇಳಿದ್ದೇ ತಡ, ಕೆಲವು ಮನೆಗಳಲ್ಲಿ ಹಾಲು ನಿಂತಿದೆ, ಮೊಸರು ನಿಂತಿದೆ, ರಾಗಿಮುದ್ದೆಗೂ ಬಹಿಷ್ಕಾರ ಬಿದ್ದಿದೆ. ಪಾಪ, ರಾಗಿಯೇನು ಮಾಡಿತ್ತು? ನಾಳದಲ್ಲಿ ಕೂತ ಸುಣ್ಣ ಊಟದ ಕ್ಯಾಲ್ಸಿಯಂ ಹೆಚ್ಚಾಗಿ ಬಂದದ್ದಲ್ಲ, ಗಾಯವಾದ ಜಾಗದಲ್ಲಿ ದೇಹ ತಾನೇ ಇಟ್ಟದ್ದು. ಮುದ್ದೆ ಉಣ್ಣಿ, ಸೊಪ್ಪಿನ ಸಾರು ಉಣ್ಣಿ. ಮೂಳೆಗೆಂದು ಕ್ಯಾಲ್ಸಿಯಂ ಮಾತ್ರೆ ನುಂಗುವವರು ಅದನ್ನು ಮುಂದುವರಿಸಬೇಕೇ ಎಂದು ವೈದ್ಯರನ್ನು ಒಮ್ಮೆ ಕೇಳಲಿ. ಸುಣ್ಣವನ್ನು ಕರಗಿಸಿ ತೆಗೆಯುತ್ತೇವೆಂದು ಡ್ರಿಪ್ ಹಾಕುವ ‘ಕೀಲೇಶನ್’ ಚಿಕಿತ್ಸೆಯ ಜಾಹೀರಾತುಗಳನ್ನೂ ನಾವು ನೋಡುತ್ತೇವೆ. ಮೊದಲೇ ಹೃದಯಾಘಾತವಾಗಿದ್ದ ಸಕ್ಕರೆ ಕಾಯಿಲೆಯವರ ಮೇಲೆ ನಡೆದ ದೊಡ್ಡ ಪ್ರಯೋಗ 2024ರಲ್ಲಿ ಪ್ರಕಟವಾಯಿತು. ಅದರಿಂದ ಅವರಿಗೆ ಪ್ರಯೋಜನ ಕಾಣಲಿಲ್ಲ.

ಊಟದ ಮಾತು ಬಂದಾಗ ನಮ್ಮ ಹಬ್ಬದೂಟದ ಬಗ್ಗೆ ಸುಮ್ಮನಿರಲಾಗದು. ಇಂದು ಮಧ್ಯಾಹ್ನ ಎಷ್ಟು ಮನೆಗಳಲ್ಲಿ ಹಂದಿಮಾಂಸದ ಪಲ್ಯ ಕುದಿಯುತ್ತಿದೆಯೋ ದೇವರೇ ಬಲ್ಲ. ತಿನ್ನಬೇಡಿ ಎನ್ನುವವರು ನಾವಲ್ಲ. ಆದರೆ ‘ಇಷ್ಟೇ ಸಾಕು’ ಎಂದವರ ತಟ್ಟೆಗೆ ‘ಹಬ್ಬ ಅಲ್ಲವೇ’ ಎಂದು ಇನ್ನೊಂದು ಸೌಟು ಸುರಿಯುವುದು ಉಪಚಾರವಲ್ಲ. ಆ ಮನುಷ್ಯ ಸಾಕು ಎನ್ನಲು ಎಷ್ಟು ಧೈರ್ಯ ಕೂಡಿಸಿಕೊಂಡಿದ್ದಾನೋ! ಶುಕ್ರವಾರದ ಮಾಂಸ ವರ್ಜನೆಯೂ ಹಾಗೆಯೇ. ಮಾಂಸ ಬಿಟ್ಟ ಪುಣ್ಯವನ್ನು ಎಣ್ಣೆಯಲ್ಲಿ ಮುಳುಗಿಸಿ ಕರಿದ ಮೀನಿನೊಂದಿಗೆ ತಿಂದುಬಿಡುತ್ತೇವೆ.

ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮ ಮನೆಗಳು ಮಾಡುವ ಅನ್ಯಾಯವನ್ನೂ ಹೇಳಲೇಬೇಕು. ಪ್ಯಾಕೇಜ್ ಗಂಡನಿಗೆ, ಕಷಾಯ ಹೆಂಡತಿಗೆ. ಮುಟ್ಟು ನಿಂತ ಮೇಲೆ ಹೆಂಗಸರ ಹೃದಯಕ್ಕೂ ಅಪಾಯ ಏರುತ್ತದೆ. ಅವರಿಗೆ ಎದೆನೋವಿನ ಬದಲು ವಿಪರೀತ ಸುಸ್ತು, ಉಸಿರಾಟದ ತೊಂದರೆ, ದವಡೆ ಅಥವಾ ಬೆನ್ನಿನ ನೋವು, ವಾಕರಿಕೆಯಾಗಿ ಅದು ಕಾಣಿಸಿಕೊಳ್ಳಬಹುದು. ‘ಗ್ಯಾಸ್’ ಎಂದು ಅಡುಗೆಮನೆಗೆ ವಾಪಸ್ಸಾಗುವ ತಾಯಂದಿರು ನಮ್ಮಲ್ಲಿ ಎಷ್ಟು ಮಂದಿಯೋ! ಅಪ್ಪನಿಗೆ ಸ್ಕೋರ್ ಹೆಚ್ಚು ಬಂದಿದ್ದರೆ ಒಡಹುಟ್ಟಿದವರು, ಬೆಳೆದ ಮಕ್ಕಳು ತಮ್ಮ ಕೊಲೆಸ್ಟ್ರಾಲ್ ನೋಡಿಸಿಕೊಳ್ಳಲಿ. ಬದುಕಿನಲ್ಲಿ ಒಮ್ಮೆ ಮಾಡಿಸಿದರೆ ಸಾಕಾಗುವ ‘ಲೈಪೊಪ್ರೋಟೀನ್ ಎ’ ಎಂಬ ರಕ್ತಪರೀಕ್ಷೆಯ ಬಗ್ಗೆಯೂ ಕೇಳಲಿ. ವಂಶದಿಂದ ಬರುವ ಅಪಾಯವನ್ನು ಅದು ತೋರಿಸುತ್ತದೆ. ಅಪ್ಪ ವರದಿಯನ್ನು ಬಚ್ಚಿಟ್ಟರೆ ಮಗನ ಎಚ್ಚರಿಕೆಯನ್ನೂ ಬಚ್ಚಿಟ್ಟಂತೆ.

ನವೇನ ಮಾಡಿ ಮಾತ್ರೆ ಬಿಟ್ಟವರ ಕುರಿತು ಒಂದು ಮಾತು. ‘ನನಗೆ ವಿಶ್ವಾಸವಿದೆ ಫಾದರ್’ ಎನ್ನುತ್ತಾರೆ. ಹಳೆಯ ಒಡಂಬಡಿಕೆಯ ಸಿರಾಖನ ಗ್ರಂಥದ 38ನೇ ಅಧ್ಯಾಯವನ್ನು ಇಂದು ಸಂಜೆ ಮನೆಯಲ್ಲಿ ಓದಿ. ರೋಗಿಯು ಪ್ರಾರ್ಥಿಸಲಿ, ವೈದ್ಯನಿಗೂ ಸ್ಥಾನ ಕೊಡಲಿ ಎಂಬ ಎರಡೂ ಉಪದೇಶಗಳು ಅಲ್ಲಿ ಅಕ್ಕಪಕ್ಕದಲ್ಲೇ ಇವೆ. ಔಷಧಿಯನ್ನು ಮಣ್ಣಿನಿಂದ ಹುಟ್ಟಿಸಿದವರು ದೇವರೇ ಎಂದು ಆ ಗ್ರಂಥ ಕಾಣುತ್ತದೆ. ಮಾತ್ರೆ ನುಂಗುವಾಗ ಕೈಯಲ್ಲಿ ಜಪಸರ ಇದ್ದರೆ ಯಾರಿಗೂ ತೊಂದರೆಯಿಲ್ಲ.

ಭಯವನ್ನು ಏನು ಮಾಡುವುದು? ಅದು ಒಂದೇ ದಿನದಲ್ಲಿ ಹೋಗುವುದಿಲ್ಲ, ಹೋಗಬೇಕೆಂದೂ ಇಲ್ಲ. 2011ರಲ್ಲಿ ಪ್ರಕಟವಾದ ‘ಐಸ್ನರ್’ ಎಂಬ ಅಧ್ಯಯನದಲ್ಲಿ 2,137 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈ ಸ್ಕ್ಯಾನ್ ಮಾಡಿ ಫಲಿತಾಂಶವನ್ನು ತೋರಿಸಿ ವಿವರಿಸಿದರು, ಇನ್ನೊಂದಕ್ಕೆ ಮಾಡಲಿಲ್ಲ. ನಾಲ್ಕು ವರ್ಷಗಳ ನಂತರ ನೋಡಿದರೆ ಸ್ಕ್ಯಾನ್ ಮಾಡಿಸಿಕೊಂಡವರ ರಕ್ತದೊತ್ತಡ, ಕೊಲೆಸ್ಟ್ರಾಲ್, ಸೊಂಟದ ಸುತ್ತಳತೆ ಮತ್ತೊಂದು ಗುಂಪಿನವರಿಗಿಂತ ಉತ್ತಮವಾಗಿದ್ದವು. ವಿವರಿಸಿ ಹೇಳಿದ ಸಂಖ್ಯೆ ಕಾಲಿಗೆ ಚಪ್ಪಲಿ ಹಾಕಿಸಿತು. ಬಚ್ಚಿಟ್ಟ ಸಂಖ್ಯೆ ಹಾಸಿಗೆಯಲ್ಲಿ ಹೊರಳಾಡಿಸುತ್ತದೆ. ವೈದ್ಯರು ಸರಿ ಎಂದ ಮೇಲೆ ನಿಧಾನವಾಗಿ ನಡಿಗೆ ಶುರು ಮಾಡಿ, ವಾರಕ್ಕೆ ಎರಡೂವರೆ ಗಂಟೆಯವರೆಗೆ ಏರಿಸಿಕೊಳ್ಳಿ. ಒಬ್ಬರೇ ಬೇಡ, ಜೊತೆಗೊಬ್ಬರು ಇರಲಿ. ವಾರಗಟ್ಟಲೆ ನಿದ್ದೆ ಬರದಿದ್ದರೆ, ಅನ್ನ ರುಚಿಸದಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಮನಸ್ಸಿನ ಕಳವಳಕ್ಕೂ ಚಿಕಿತ್ಸೆ ಇದೆ, ಅದರಲ್ಲಿ ನಾಚಿಕೆಯಿಲ್ಲ.

ಇದನ್ನು ಮಕ್ಕಳಿಗೂ ಹೇಳಿಕೊಡಿ: ಎದೆಯ ಮೇಲೆ ಕಲ್ಲು ಹೇರಿದಂಥ ಭಾರ, ಅದು ತೋಳಿಗೋ ದವಡೆಗೋ ಹರಡುವುದು, ತಣ್ಣನೆ ಬೆವರು, ಉಸಿರುಕಟ್ಟುವುದು. ಇವು ಬಂದು ಕೆಲವು ನಿಮಿಷಗಳಲ್ಲಿ ಹೋಗದಿದ್ದರೆ ಭಯವೋ ಗ್ಯಾಸೋ ಎಂದು ಮನೆಯಲ್ಲಿ ಚರ್ಚೆ ಮಾಡಬೇಡಿ, 108ಕ್ಕೆ ಕರೆಮಾಡಿ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ರಾಜ್ಯ ಸರ್ಕಾರದ ಹೃದಯ ಜ್ಯೋತಿ ಯೋಜನೆಯ ಸೌಲಭ್ಯ ಏನಿದೆ ಎಂದು ಇಂದೇ ವಿಚಾರಿಸಿಟ್ಟುಕೊಳ್ಳಿ. ಸ್ವಂತ ಬೈಕ್ ಓಡಿಸಿಕೊಂಡು ಹೋಗುವ ಸಾಹಸ ಬೇಡ.

ಇಂದು ಬಲಿಪೂಜೆ ಮುಗಿದ ಮೇಲೆ ಸಭಾಂಗಣದಲ್ಲಿ ನಮ್ಮ ಧರ್ಮಕೇಂದ್ರದ ವೈದ್ಯರು, ದಾದಿಯರು ಮಧ್ಯಾಹ್ನದವರೆಗೆ ರಕ್ತದೊತ್ತಡ ನೋಡುತ್ತಾರೆ. ಹಳೆಯ ವರದಿಗಳನ್ನೂ ಓದಿ ವಿವರಿಸಲು ಒಪ್ಪಿದ್ದಾರೆ. ಮನೆ ಹತ್ತಿರವಿರುವವರು ಹೋಗಿ ತನ್ನಿ. ಗಂಡ ಹೆಂಡತಿ ಇಬ್ಬರೂ ಬನ್ನಿ. ಹೆದರಿಕೊಂಡು ಕೂತಾಗ ವೈದ್ಯರು ಹೇಳಿದ್ದರಲ್ಲಿ ಅರ್ಧ ಕಿವಿಗೆ ಬೀಳುವುದಿಲ್ಲ, ಇನ್ನರ್ಧವನ್ನು ಕೇಳಿಸಿಕೊಳ್ಳಲು ಪಕ್ಕದಲ್ಲಿ ಒಬ್ಬರು ಬೇಕಾಗುತ್ತದೆ.